ಓದುಗರ ಪ್ರಶ್ನೆ: ಡಾರ್ವಿನ್ನನ ದಿನನಿತ್ಯದ ಟಪಾಲು

ಕಳೆದ ಸಂಚಿಕೆಯಲ್ಲಿ ಚಾರ್ಲ್ಸ್ ಡಾರ್ವಿನ್ನನ ಪತ್ರವ್ಯವಹಾರದ ಬಗ್ಗೆ ಬಂದ ಚಿಕ್ಕ ಟಿಪ್ಪಣಿಗೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಅನೇಕ ಪ್ರಶ್ನೆಗಳು ಬಂದಿವೆ. 1809ರಲ್ಲಿ ಹುಟ್ಟಿ 1882ರಲ್ಲಿ ತೀರಿಕೊಂಡ ಈ ನಿಸರ್ಗಶಾಸ್ತ್ರಜ್ಞ ಬರೆದ ಮತ್ತು ಅವನಿಗೆ ಬಂದ ಪತ್ರಗಳಲ್ಲಿ ಈಗ ತಿಳಿದಿರುವುವು ಸುಮಾರು 15,000. ಆ ಕಡೆಯಿಂದ ಬರೆದವರು ಸುಮಾರು 2,000 ಮಂದಿ ಎಂದು ಆ ಟಿಪ್ಪಣಿಯಲ್ಲಿ ಹೇಳಲಾಗಿತ್ತು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಹಳ್ಳಿಯ ಮನೆಯಲ್ಲಿ ಕುಳಿತು ಇಷ್ಟು ಪತ್ರ ಬರೆಯಲು ಅವನಿಗೆ ವೇಳೆ ಎಲ್ಲಿಂದ ಸಿಗುತ್ತಿತ್ತು? ಹಾಗಾದರೆ ಪುಸ್ತಕಗಳನ್ನು ಬರೆದದ್ದು ಯಾವಾಗ? (ಕೊಪ್ಪಳದ ಪ್ರೌಢಶಾಲಾ ಶಿಕ್ಷಕರೊಬ್ಬರು)

ಪತ್ರದ ಕೆಲಸ ಬೇರೆ, ಪುಸ್ತಕದ ಕೆಲಸ ಬೇರೆ ಎಂಬ ಎಣಿಕೆ ಈ ಪ್ರಶ್ನೆಯ ಹಿಂದೆ ಇದೆ. ಡಾರ್ವಿನ್ನನ ಮಟ್ಟಿಗೆ ಅವೆರಡರ ನಡುವೆ ಗೆರೆ ಎಳೆಯುವುದು ಕಷ್ಟ. ಅವನು 1842ರ ಸೆಪ್ಟೆಂಬರಿನಲ್ಲಿ ಲಂಡನ್ ಬಿಟ್ಟು, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದ ಮೇಲೆ ಕೊನೆಯವರೆಗೂ ಆ ಮನೆಯನ್ನು ಬಿಡಲಿಲ್ಲ. ವಿಶ್ವವಿದ್ಯಾಲಯದ ಹುದ್ದೆ ಇಲ್ಲ, ಸರಕಾರದ ಪ್ರಯೋಗಶಾಲೆ ಇಲ್ಲ, ಆರೋಗ್ಯವೂ ನೆಟ್ಟಗಿರಲಿಲ್ಲ. ಇಂಥವನು ಜಗತ್ತಿನ ಪ್ರಾಣಿಸಸ್ಯಗಳ ಬಗ್ಗೆ ಖಚಿತವಾಗಿ ಮಾತಾಡಬೇಕಾದರೆ ಜಗತ್ತೇ ಅವನ ಮನೆಯ ಬಾಗಿಲಿಗೆ ಬರಬೇಕಾಗಿತ್ತು, ಮತ್ತು ಅದು ಬಂದದ್ದು ಅಂಚೆಯಲ್ಲಿ.

ಅವನ ದಿನಚರಿಯನ್ನು ಮಗ ಫ್ರಾನ್ಸಿಸ್ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಬರವಣಿಗೆ ಇಲ್ಲವೇ ಪ್ರಯೋಗ. ದಿನದಲ್ಲಿ ಅದೇ ಅವನಿಗೆ ಅತ್ಯುತ್ತಮ ಹೊತ್ತು. ಒಂಬತ್ತೂವರೆಗೆ ಅವನು ನಡುಮನೆಗೆ ಬಂದು ಅಂದಿನ ಟಪಾಲು ನೋಡುತ್ತಿದ್ದ, ಅದು ಹಗುರವಾಗಿದ್ದರೆ ಸಂತೋಷಪಡುತ್ತಿದ್ದ. ಮನೆಮಂದಿಗೆ ಬಂದ ಪತ್ರಗಳನ್ನು ಯಾರಾದರೂ ಗಟ್ಟಿಯಾಗಿ ಓದುವಾಗ ಸೋಫಾದ ಮೇಲೆ ಒರಗಿ ಕೇಳಿ, ಹತ್ತೂವರೆಗೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಮಧ್ಯಾಹ್ನದ ಊಟವಾಗಿ ಪತ್ರಿಕೆ ಓದಿದ ಮೇಲೆ ಉತ್ತರ ಬರೆಯುವ ಸರದಿ. ಬೆಂಕಿಗೂಡಿನ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕುಳಿತು, ಅದರ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆಯೊಂದನ್ನು ಇಟ್ಟುಕೊಂಡು ಬರೆಯುತ್ತಿದ್ದ. ಪತ್ರಗಳು ಬಹಳವಿದ್ದರೆ ಅಥವಾ ಉದ್ದವಾಗಿದ್ದರೆ ಮೊದಲು ಕರಡು ಮಾಡಿ, ಅದನ್ನು ನೋಡಿಕೊಂಡು ಮನೆಯವರಿಗೆ ಹೇಳಿ ಬರೆಸುತ್ತಿದ್ದ. ಆ ಕರಡುಗಳು ಹಳೆಯ ಹಸ್ತಪ್ರತಿಯ ಅಥವಾ ಅಚ್ಚಿನ ಕರಡುಪ್ರತಿಯ ಹಿಂಬದಿಯಲ್ಲಿ ಇರುತ್ತಿದ್ದು, ಕೆಲವೊಮ್ಮೆ ಅವನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲವಂತೆ. ಓದುವವನು ಅವಸರದಲ್ಲಿ ಕಣ್ಣಾಡಿಸಿ ಬಿಡುತ್ತಾನೆ ಎಂದೇ ಅವನ ಲೆಕ್ಕ. ಆದುದರಿಂದ ಮುಖ್ಯವಾದ ಮಾತು ಬಂದಾಗ ಹೊಸ ಪ್ಯಾರಾ ತೆಗೆಯಲು ಹೇಳುತ್ತಿದ್ದ.

ಬಂದ ಪತ್ರಗಳ ಗತಿ ಇನ್ನೂ ಸ್ವಾರಸ್ಯಕರವಾದುದು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೀಟಿಗಳನ್ನು ಚುಚ್ಚಿಡುವ ತಂತಿ ಇರುವಂತೆ ಅವನಲ್ಲಿಯೂ ಪತ್ರ ಚುಚ್ಚುವ ಸರಳುಗಳಿದ್ದವು. ಅವು ಎಣಿಕೆಗೆ ಕೆಲವೇ ಇದ್ದುದರಿಂದ, ಎಲ್ಲವೂ ತುಂಬಿದ ಮೇಲೆ ಕೆಲವು ವರ್ಷಗಳ ಪತ್ರಗಳನ್ನು ಒಟ್ಟಿಗೆ ಸುಟ್ಟು ಸರಳುಗಳನ್ನು ಖಾಲಿ ಮಾಡಿಕೊಳ್ಳುತ್ತಿದ್ದ. ಹೀಗಾಗಿ 1862ಕ್ಕಿಂತ ಹಿಂದೆ ಅವನಿಗೆ ಬಂದ ಪತ್ರಗಳಲ್ಲಿ ಬಹುಪಾಲು ಬೂದಿಯಾಗಿವೆ. ಆಮೇಲೆ ಮನೆಯವರ ಒತ್ತಾಯಕ್ಕೆ ಮಣಿದು ಮುಖ್ಯವಾದುವನ್ನು ಉಳಿಸಿದ. ಕೆಲಸಕ್ಕೆ ಬೇಕಾದ ಸಂಗತಿ ಇರುವ ಪತ್ರವಾದರೆ ಅದರ ದಾರಿಯೇ ಬೇರೆ. ಅಂಥದನ್ನು ಕತ್ತರಿಯಿಂದ ತುಂಡು ಮಾಡಿ, ಪಾರಿವಾಳದ ಮಾತಿರುವ ತುಂಡನ್ನು ಪಾರಿವಾಳದ ಕಡತಕ್ಕೂ ಹೂವಿನ ಮಾತಿರುವುದನ್ನು ಹೂವಿನ ಕಡತಕ್ಕೂ ಹಾಕುತ್ತಿದ್ದ. ಹೆಸರು ಬರೆದ ಕಪಾಟಿನ ಅರೆಗಳಲ್ಲಿ ಇಂಥ 30ರಿಂದ 40 ದೊಡ್ಡ ಕಡತಗಳನ್ನು ಇಟ್ಟುಕೊಂಡಿದ್ದೆನೆಂದು ಆತ್ಮಕಥನದಲ್ಲಿ ಅವನೇ ಹೇಳಿದ್ದಾನೆ. ಪುಸ್ತಕ ಬರೆಯಲು ಕುಳಿತಾಗ ತೆರೆಯುತ್ತಿದ್ದುದು ಈ ಕಡತಗಳನ್ನೇ. ಆದ್ದರಿಂದ ಮಧ್ಯಾಹ್ನದ ಟಪಾಲಿನ ಹೊತ್ತನ್ನು ಬರವಣಿಗೆಯಿಂದ ಕಳೆದುಹೋದ ಹೊತ್ತೆಂದು ಲೆಕ್ಕ ಹಾಕಬಾರದು.

ಆ ಕಾಲದಲ್ಲಿ ಅಂಚೆ ಖರ್ಚು ಎಷ್ಟಿತ್ತು? ನಮ್ಮ ದೇಶದಿಂದ ಪತ್ರ ಅಲ್ಲಿಗೆ ಮುಟ್ಟಲು ಎಷ್ಟು ದಿನ ಬೇಕಾಗುತ್ತಿತ್ತು? (ಕುಷ್ಟಗಿಯ ನಿವೃತ್ತ ಅಂಚೆ ನೌಕರರೊಬ್ಬರು)

ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ಲನ ಸುಧಾರಣೆಯಿಂದ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ಅದಕ್ಕೆ ಮೊದಲು ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ದರ ಹಾಕುತ್ತಿದ್ದರು, ಮತ್ತು ಸಾಮಾನ್ಯವಾಗಿ ಪತ್ರ ಪಡೆದವನೇ ಹಣ ತೆರಬೇಕಾಗಿತ್ತು. ಹೊಸ ಪದ್ಧತಿಯಲ್ಲಿ ಅರ್ಧ ಔನ್ಸ್ ತೂಕದವರೆಗಿನ ಪತ್ರ ದೇಶದೊಳಗೆ ಎಲ್ಲಿಗೆ ಹೋದರೂ ಒಂದೇ ಪೆನ್ನಿ. ಅಪರಿಚಿತನಾದ ಒಬ್ಬ ಕೋಳಿ ಸಾಕಣೆಗಾರನಿಗೆ ಪ್ರಶ್ನೆ ಕೇಳಿ ಬರೆದರೆ ಅವನ ಮೇಲೆ ಖರ್ಚು ಬೀಳುವುದಿಲ್ಲ ಎಂಬುದು ಡಾರ್ವಿನ್ನನಂಥವನಿಗೆ ಸಣ್ಣ ಅನುಕೂಲವಲ್ಲ. ಅವನು ಹಳ್ಳಿಗೆ ಹೋಗಿ ನೆಲೆಸಿದ್ದು ಇದಾದ ಎರಡು ವರ್ಷಕ್ಕೆ.

ನಮ್ಮಲ್ಲಿ ಇಂಥದೇ ಏಕರೂಪದ ದರ ಬಂದದ್ದು 1854ರಲ್ಲಿ: ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ. ಆದರೆ ಇಂದಿನ ನಮ್ಮ ಮೂರು ಜಿಲ್ಲೆಗಳು ಆಗ ಒಂದೇ ಆಡಳಿತದಲ್ಲಿರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರೆ, ತುಂಗಭದ್ರೆಯ ಆಚೆಯ ರಾಯಚೂರು ಮತ್ತು ಕೊಪ್ಪಳ ನಿಜಾಮರ ಸೀಮೆ. ನಿಜಾಮ ಸರಕಾರ 1869ರಲ್ಲಿ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿತು. ಸುಯೆಜ್ ಕಾಲುವೆ 1869ರಲ್ಲಿ ತೆರೆಯುವ ಮುನ್ನ ಭಾರತದ ಟಪಾಲು ಹಡಗಿನಲ್ಲಿ ಸುಯೆಜ್ ತಲುಪಿ, ಅಲ್ಲಿಂದ ನೆಲದ ಮೇಲೆ ಅಲೆಕ್ಸಾಂಡ್ರಿಯಕ್ಕೆ ಸಾಗಿ, ಮತ್ತೆ ಬೇರೆ ಹಡಗು ಹತ್ತುತ್ತಿತ್ತು. 1850ರ ದಶಕದಲ್ಲಿ ಕಲ್ಕತ್ತೆಯ ಪತ್ರ ಇಂಗ್ಲೆಂಡ್ ಸೇರಲು ಒಂದೂವರೆ ತಿಂಗಳ ಆಚೀಚೆ ಹಿಡಿಯುತ್ತಿತ್ತು. 1871ರಲ್ಲಿ ಬೊಂಬಾಯಿಯ ಕಡೆಯ ಹಳಿಯೂ ಮದ್ರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ದಕ್ಷಿಣದ ಟಪಾಲು ರೈಲಿನಲ್ಲಿಯೇ ಬೊಂಬಾಯಿ ಬಂದರು ಮುಟ್ಟುವುದು ಸಾಧ್ಯವಾಯಿತು. ಪ್ರಶ್ನೆಯೊಂದು ಹೋಗಿ ಉತ್ತರ ಬರಲು ಮೂರು ತಿಂಗಳು ಬೇಕಾದಾಗ ಪ್ರಶ್ನೆಯನ್ನು ಮಬ್ಬಾಗಿ ಕೇಳುವಂತಿಲ್ಲ. ಅವನ ಪತ್ರಗಳಲ್ಲಿ ಪ್ರಶ್ನೆಗಳು ಅಷ್ಟು ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಅಂಚೆಯವರಾದ ತಮಗೆ ಹಿಡಿಸಬಹುದಾದ ಇನ್ನೊಂದು ಸಂಗತಿ: 1862ರಲ್ಲಿ ಅವನ ಮಗ ಲಿಯೊನಾರ್ಡ್ ಕೆಂಪುಜ್ವರದಿಂದ ಮಲಗಿದ್ದಾಗ, ಹುಡುಗನ ಸಂಗ್ರಹಕ್ಕಾಗಿ ಅಮೆರಿಕದ ಅಂಚೆಚೀಟಿಗಳನ್ನು ಕಳಿಸಿಕೊಡಬೇಕೆಂದು ಡಾರ್ವಿನ್ ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದಿದ್ದ. ವಿಜ್ಞಾನದ ದೊಡ್ಡ ವಾದಗಳಿರುವ ಪತ್ರಗಳ ಸಾಲಿನಲ್ಲಿಯೇ ಈ ಬೇಡಿಕೆಯೂ ಇದೆ.

ನಾವು ತಲೆಮಾರಿನಿಂದ ಪಾರಿವಾಳ ಸಾಕುವವರು. ಡಾರ್ವಿನ್ ಪಾರಿವಾಳದವರಿಗೆ ಪತ್ರ ಬರೆದನೆಂದು ಓದಿ ಆಶ್ಚರ್ಯವಾಯಿತು. ಅವನಿಗೆ ಅವರಿಂದ ಏನು ಬೇಕಾಗಿತ್ತು? ಕನ್ನಡ ನಾಡಿಗೆ ಸಂಬಂಧಪಟ್ಟವರು ಯಾರಾದರೂ ಅವನಿಗೆ ಬರೆದಿದ್ದರೆ? (ಬಳ್ಳಾರಿಯ ಕೌಲ್ ಬಜಾರಿನ ಓದುಗರು)

ಒಂದೇ ಮೂಲದ ಹಕ್ಕಿಯಿಂದ, ಮನುಷ್ಯನ ಆಯ್ಕೆಯಿಂದ, ಎಷ್ಟು ಬೇರೆಬೇರೆ ರೂಪಗಳು ಹುಟ್ಟಬಹುದು ಎಂಬುದಕ್ಕೆ ಅವನಿಗೆ ಕಣ್ಣೆದುರಿನ ಸಾಕ್ಷಿ ಬೇಕಾಗಿತ್ತು. ಬಾಲವನ್ನು ಬೀಸಣಿಗೆಯಾಗಿ ಹರಡುವ ತಳಿ, ಗಂಟಲು ಉಬ್ಬಿಸುವ ತಳಿ, ಹಾರುತ್ತಲೇ ಲಾಗ ಹಾಕುವ ತಳಿ ಇವುಗಳನ್ನು ಕಾಡಿನಲ್ಲಿ ಮೊದಲ ಬಾರಿ ಕಂಡಿದ್ದರೆ ಯಾವ ಪಕ್ಷಿತಜ್ಞನೂ ಒಂದೇ ಜಾತಿಯೆಂದು ಒಪ್ಪುತ್ತಿರಲಿಲ್ಲ. ಡಾರ್ವಿನ್ 1855ರಲ್ಲಿ ಪಾರಿವಾಳ ಸಾಕತೊಡಗಿ, ಸಿಕ್ಕ ತಳಿಗಳನ್ನೆಲ್ಲ ಕೊಂಡು, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಿಗೆ ಸದಸ್ಯನಾದ. ಬೇರೆಬೇರೆ ತಳಿಗಳನ್ನು ಕೂಡಿಸಿದಾಗ, ತಂದೆತಾಯಿಗಳಲ್ಲಿ ಇಲ್ಲದ ಬೂದಿನೀಲಿ ಮೈಬಣ್ಣ ಮತ್ತು ರೆಕ್ಕೆಯ ಎರಡು ಕಪ್ಪು ಪಟ್ಟೆಗಳು ಮರಿಗಳಲ್ಲಿ ಮರಳಿ ಕಾಣಿಸಿಕೊಂಡವು. ನಮ್ಮ ಬಳ್ಳಾರಿ ಗುಡ್ಡದ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಪಾರಿವಾಳದ ಗುರುತುಗಳೂ ಅವೇ. ಸಾಕು ತಳಿಗಳೆಲ್ಲವೂ ಬಂಡೆ ಪಾರಿವಾಳದ ಸಂತತಿಯೆಂಬ ಅವನ ತೀರ್ಮಾನಕ್ಕೆ ಇದು ಬಲವಾದ ಆಧಾರವಾಯಿತು.

ಆದರೆ ಇಂಗ್ಲೆಂಡಿನ ಹಕ್ಕಿಗಳಷ್ಟೇ ಸಾಲವು. ಕೋಳಿ ಮತ್ತು ಪಾರಿವಾಳಗಳ ವಿಷಯದಲ್ಲಿ ನುರಿತಿದ್ದ ವಿಲಿಯಮ್ ಟೆಗೆಟ್‌ಮೈಯರ್‌ಗೆ ಬಹುಕಾಲ ಬರೆಯುತ್ತಲೇ ಇದ್ದ ಅವನು, 1856ರಲ್ಲಿ ಮದ್ರಾಸಿನ ವಾಲ್ಟರ್ ಎಲಿಯಟ್‌ಗೂ ಬರೆದು, ಅಲ್ಲಿನ ಸಾಕು ಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಕಳಿಸಿಕೊಡಲು ಕೋರಿದ. ಎಲಿಯಟ್ ಕಳಿಸಿಯೂ ಕೊಟ್ಟ. 1859ರಲ್ಲಿ ಪ್ರಕಟವಾದ ಜೀವಿಜಾತಿಗಳ ಉಗಮದ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಅವನ ಉಪಕಾರದ ಸ್ಮರಣೆ ಇದೆ. ಪಾರಿವಾಳಗಳ ಬಗೆಗಿನ ಹಳೆಯ ಪಾರಸಿ ಗ್ರಂಥವೊಂದರ ಅನುವಾದ ಡಾರ್ವಿನ್ನನಿಗೆ ದೊರೆತುದೂ ಇವನಿಂದಲೇ.

ತಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಈ ಎಲಿಯಟ್ಟನೇ. 1821ರಲ್ಲಿ ಮದ್ರಾಸ್ ಸಿವಿಲ್ ಸೇವೆಗೆ ಸೇರಿದ ಇವನು 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ. ರಾಣಿ ಚೆನ್ನಮ್ಮ ಆಮೇಲೆ ಇಬ್ಬರನ್ನೂ ಬಿಡುಗಡೆ ಮಾಡಿದಳು. ಕಿತ್ತೂರಿನ ಚರಿತ್ರೆ ಓದಿದವರಿಗೆ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಜೋಡಿ ಹೆಸರು ಪರಿಚಿತ. ಆದರೆ ಆ ಎಲಿಯಟ್ಟನೇ ಮೂರು ದಶಕಗಳ ಅನಂತರ ಡಾರ್ವಿನ್ನನಿಗೆ ಪಾರಿವಾಳದ ಚರ್ಮ ಕಟ್ಟಿ ಕಳಿಸಿದವನೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಧಾರವಾಡದ ಸೀಮೆಯಲ್ಲಿದ್ದಾಗ ಅವನು ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ್ದಲ್ಲದೆ, 1839ರಲ್ಲಿ ಆ ಭಾಗದ ಸಸ್ತನಿಗಳ ಪಟ್ಟಿಯೊಂದನ್ನೂ ಪ್ರಕಟಿಸಿದ. ಹೊಲದ ಇಲಿಗಳ ಬಗ್ಗೆ ಅದರಲ್ಲಿರುವ ವಿವರಗಳನ್ನು ಓದಿದರೆ, ಇಲಿ ಹಿಡಿಯುವ ಒಡ್ಡರ ಜೊತೆ ಕೂತು ಕೇಳಿ ಬರೆದದ್ದೆಂದು ತಿಳಿಯುತ್ತದೆ. ಕೈಯಲ್ಲಿ ಹಿಡಿದು ಬಲ್ಲವರನ್ನೇ ಕೇಳಬೇಕೆಂಬ ಬುದ್ಧಿ ಡಾರ್ವಿನ್ನನೊಬ್ಬನ ಸ್ವತ್ತಾಗಿರಲಿಲ್ಲ.

ಪತ್ರದ ಜೊತೆ ವಸ್ತುಗಳನ್ನೂ ಕಳಿಸುತ್ತಿದ್ದರೇ? ಅವುಗಳಿಂದ ಏನು ಪ್ರಯೋಜನವಾಯಿತು? ಎರೆಹುಳುವಿನ ಬಗ್ಗೆ ಭಾರತದಿಂದ ಮಾಹಿತಿ ಹೋಗಿತ್ತೇ? (ರಾಯಚೂರಿನ ಕೃಷಿ ವಿದ್ಯಾರ್ಥಿನಿ)

ಕಳಿಸುತ್ತಿದ್ದರು, ಮತ್ತು ಆ ಟಪಾಲು ಬಿಚ್ಚುವುದು ಅಸಹ್ಯಪಡುವವರ ಕೆಲಸವಲ್ಲ. ಬೀಜಗಳು ಸಾಗರ ದಾಟಿ ದೂರದ ದ್ವೀಪಗಳನ್ನು ಹೇಗೆ ಮುಟ್ಟುತ್ತವೆ ಎಂಬ ಪ್ರಶ್ನೆ ಅವನನ್ನು ಬಹುಕಾಲ ಕಾಡಿತು. ಮೊದಲು ತಾನೇ ಉಪ್ಪುನೀರಿನಲ್ಲಿ ಬೀಜ ನೆನೆಹಾಕಿ ನೋಡಿದ: 87 ಬಗೆಗಳಲ್ಲಿ 64 ಬಗೆಗಳು 28 ದಿನ ನೆನೆದ ಮೇಲೂ ಮೊಳೆತವು, ಕೆಲವು 137 ದಿನ ತಾಳಿದವು. ಹಕ್ಕಿಗಳ ಕಾಲಿಗೆ ಅಂಟಿದ ಮಣ್ಣಿನಲ್ಲಿಯೂ ಬೀಜ ಸಾಗಬಹುದೆಂದು ಅವನಿಗೆ ಅನಿಸಿತ್ತು. ಆಗ ಕೇಂಬ್ರಿಜ್‌ನ ಪಕ್ಷಿತಜ್ಞ ಆಲ್‌ಫ್ರೆಡ್ ನ್ಯೂಟನ್, ಗಾಯಗೊಂಡು ಹಾರಲಾರದೆ ಹೋದ ಕೆಂಪುಕಾಲಿನ ಕವುಜುಗವೊಂದರ ಕಾಲನ್ನು ಕಳಿಸಿದ. ಅದಕ್ಕೆ ಗಟ್ಟಿಯಾದ ಮಣ್ಣಿನ ಉಂಡೆಯೊಂದು ಅಂಟಿತ್ತು, ತೂಕ ಆರೂವರೆ ಔನ್ಸ್, ಎಂದರೆ 180 ಗ್ರಾಮಿಗೂ ಸ್ವಲ್ಪ ಹೆಚ್ಚು. ಮಳೆ ನಿಂತ ಮೇಲೆ ನಮ್ಮ ಎರೆ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಈ ಉಂಡೆಯ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆ ಮಣ್ಣು ಒಣಗಿ ಮೂರು ವರ್ಷವಾಗಿತ್ತು. ಡಾರ್ವಿನ್ ಅದನ್ನು ಒಡೆದು, ನೀರು ಹನಿಸಿ, ಗಾಜಿನ ಗಂಟೆಯಾಕಾರದ ಮುಚ್ಚಳದಡಿ ಇಟ್ಟ. ಅದರಿಂದ 82 ಸಸಿಗಳು ಎದ್ದವು. 12 ಏಕದಳ, ಉಳಿದ 70 ದ್ವಿದಳ.

ದಕ್ಷಿಣ ಆಫ್ರಿಕದ ನಟಾಲಿನಿಂದ ವೀಲ್ ಎಂಬುವನು ಕಳಿಸಿದ್ದು ಇನ್ನೂ ವಿಚಿತ್ರ: ಪತ್ರದೊಳಗೆ ಒಣಗಿದ ಮಿಡತೆ ಹಿಕ್ಕೆಯ ಚಿಕ್ಕ ಪೊಟ್ಟಣ. ಮಿಡತೆಯ ದಂಡು ಬಂದು ಹೋದ ಮೇಲೆ ಹುಲ್ಲುಗಾವಲಿನಲ್ಲಿ ಬೇಡದ ಬೀಜಗಳು ಬೀಳುತ್ತವೆಂಬುದು ಅಲ್ಲಿನವರ ನಂಬಿಕೆಯಾಗಿತ್ತು. ಡಾರ್ವಿನ್ ಆ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಬೀಜ ತೆಗೆದು ಬಿತ್ತಿದಾಗ ಏಳು ಹುಲ್ಲಿನ ಸಸಿಗಳು ಬಂದವು. ಊರ ಜನರ ಮಾತೆಂದು ತಳ್ಳಿಹಾಕದೆ, ಹಾಗೆಯೇ ನಂಬಿಯೂ ಬಿಡದೆ, ಬಿತ್ತಿ ನೋಡಿದ ರೀತಿ ಗಮನಿಸತಕ್ಕದ್ದು. ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮುಂಚೆಯೂ ಇಂಥ ಟಪಾಲು ನಿಂತಿರಲಿಲ್ಲ. 1882ರ ಫೆಬ್ರವರಿಯಲ್ಲಿ ನಾರ್ತಾಂಪ್ಟನ್ನಿನ ಕ್ರಿಕ್ ಎಂಬುವನು, ಕಾಲಿಗೆ ಪುಟ್ಟ ಕಪ್ಪೆಚಿಪ್ಪು ಕಚ್ಚಿಕೊಂಡಿದ್ದ ನೀರುಜೀರುಂಡೆಯ ಬಗ್ಗೆ ಬರೆದು, ಆ ಹುಳುವನ್ನೂ ಕಳಿಸಿದ. ಸಿಹಿನೀರಿನ ಚಿಪ್ಪುಪ್ರಾಣಿಗಳು ಕೆರೆಯಿಂದ ಕೆರೆಗೆ ಹೋಗುವ ಬಗೆ ಇದರಿಂದ ಸಿಕ್ಕಿತು. ಏಪ್ರಿಲ್ 6ರ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಟಿಪ್ಪಣಿ ಡಾರ್ವಿನ್ನನ ಕೊನೆಯ ಬರಹಗಳಲ್ಲೊಂದು. ಏಪ್ರಿಲ್ 19ರಂದು ಅವನು ತೀರಿಕೊಂಡ. ಈ ಕ್ರಿಕ್ಕನ ಮೊಮ್ಮಗನೇ ಡಿಎನ್ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್.

ಎರೆಹುಳುವಿನ ಬಗ್ಗೆ: 1881ರಲ್ಲಿ ಬಂದ ಅವನ ಕೊನೆಯ ಪುಸ್ತಕ ಎರೆಹುಳುಗಳು ಮಣ್ಣನ್ನು ಮೇಲುಕೆಳಗು ಮಾಡುವ ಕೆಲಸದ ಬಗ್ಗೆಯೇ ಇದೆ. ಕಲ್ಕತ್ತೆಯ ಸಸ್ಯೋದ್ಯಾನದಿಂದ ಗೋಪುರದಾಕಾರದ ಎರೆಹಿಕ್ಕೆಗಳು, ನೀಲಗಿರಿಯ ಎತ್ತರದ ಬಯಲಿನಿಂದ ಇನ್ನೂ ದಪ್ಪನಾದ ಹಿಕ್ಕೆಗಳು ಅವನಿಗೆ ಹೋದವು. ಅವುಗಳ ಚಿತ್ರಗಳು ಆ ಪುಸ್ತಕದಲ್ಲಿಯೇ ಇರುವುದರಿಂದ ತಾವು ತಪ್ಪದೆ ನೋಡಬೇಕು.

ಕಾರ್ಲ್ ಮಾರ್ಕ್ಸ್ ತನ್ನ 'ಬಂಡವಾಳ' ಗ್ರಂಥವನ್ನು ಡಾರ್ವಿನ್ನನಿಗೆ ಅರ್ಪಿಸಲು ಕೇಳಿದ್ದನೆಂದೂ ಡಾರ್ವಿನ್ ಪತ್ರ ಬರೆದು ನಿರಾಕರಿಸಿದನೆಂದೂ ಭಾಷಣಗಳಲ್ಲಿ ಕೇಳಿದ್ದೇವೆ. ನಿಜವೇ? (ಸಿಂಧನೂರಿನ ಓದುಗರು)

ನಿಜವಲ್ಲ, ಆದರೆ ಕಟ್ಟುಕತೆಯೂ ಅಲ್ಲ. ಎರಡು ಪತ್ರಗಳು ಕಲಸಿಹೋದುದರ ಫಲ. 1873ರಲ್ಲಿ ಮಾರ್ಕ್ಸ್ ತನ್ನ ಗ್ರಂಥದ ಎರಡನೆಯ ಜರ್ಮನ್ ಆವೃತ್ತಿಯ ಪ್ರತಿಯನ್ನು ಸಹಿ ಹಾಕಿ ಕಳಿಸಿದ್ದು ನಿಜ. ಡಾರ್ವಿನ್ ವಿನಯದಿಂದ ವಂದನೆ ತಿಳಿಸಿ ಚಿಕ್ಕ ಪತ್ರ ಬರೆದದ್ದೂ ನಿಜ. ಪುಸ್ತಕವನ್ನು ಅವನು ಹೆಚ್ಚು ಓದಿದಂತಿಲ್ಲ, ಮೊದಲ ನೂರು ಚಿಲ್ಲರೆ ಪುಟಗಳ ಆಚೆಗೆ ಹಾಳೆಗಳ ಅಂಚನ್ನೇ ಕತ್ತರಿಸಿಲ್ಲ. ಇನ್ನು ಅರ್ಪಣೆಯನ್ನು ನಿರಾಕರಿಸಿದ ಪತ್ರ 1880ರ ಅಕ್ಟೋಬರಿನದು. ಅದರಲ್ಲಿ ಸಂಬೋಧನೆ ಇದೆಯೇ ಹೊರತು ಹೆಸರಿಲ್ಲ. ಮಾರ್ಕ್ಸ್‌ನ ಕಾಗದಪತ್ರಗಳ ನಡುವೆ ಸಿಕ್ಕಿದ್ದರಿಂದ ಅವನಿಗೇ ಬರೆದದ್ದೆಂದು ಬಹುಕಾಲ ನಂಬಿದರು. 1970ರ ದಶಕದಲ್ಲಿ ಸಂಶೋಧಕರು ಗುರುತಿಸಿದಂತೆ ಅದು ನಾಸ್ತಿಕವಾದದ ಲೇಖಕ ಎಡ್ವರ್ಡ್ ಏವ್ಲಿಂಗ್‌ಗೆ ಬರೆದ ಉತ್ತರ. ಡಾರ್ವಿನ್ನನ ವಿಚಾರಗಳ ಬಗ್ಗೆ ತಾನು ಬರೆದ ಪುಸ್ತಕವನ್ನು ಅರ್ಪಿಸಲು ಏವ್ಲಿಂಗ್ ಅನುಮತಿ ಕೇಳಿದ್ದ. ಅವನು ಮುಂದೆ ಮಾರ್ಕ್ಸ್‌ನ ಮಗಳು ಎಲಿನರ್ ಜೊತೆ ಬಾಳಿದವನಾದ್ದರಿಂದ ಇಬ್ಬರ ಕಾಗದಗಳೂ ಒಂದೇ ಕಡೆ ಸೇರಿಕೊಂಡವು. ಪತ್ರದಲ್ಲಿ ಡಾರ್ವಿನ್ ಕೊಟ್ಟ ಕಾರಣ ಗಮನಾರ್ಹವಾಗಿದೆ: ಧರ್ಮದ ಮೇಲಿನ ನೇರ ದಾಳಿಯಿಂದ ಪ್ರಯೋಜನ ಕಡಿಮೆ, ವಿಜ್ಞಾನ ಬೆಳೆದಂತೆ ಮನಸ್ಸು ನಿಧಾನವಾಗಿ ಬೆಳಕಿಗೆ ಬರುವುದೇ ಮೇಲು, ಜೊತೆಗೆ ತನ್ನ ಮನೆಯವರಿಗೆ ನೋವಾಗಬಾರದು ಎಂದಿದ್ದಾನೆ.

ಮೆಂಡಲ್ ಡಾರ್ವಿನ್ನನಿಗೆ ಬರೆದ ಪತ್ರ ಒಡೆಯದೆ ಉಳಿಯಿತಂತೆ, ಹೌದೇ? (ಸಿರುಗುಪ್ಪ)

ಇಲ್ಲ. ಅವರಿಬ್ಬರ ನಡುವೆ ನಡೆದ ಪತ್ರ ಯಾವುದೂ ಇಲ್ಲ, ಬಟಾಣಿ ಗಿಡಗಳ ಪ್ರಯೋಗದಿಂದ ಆನುವಂಶಿಕತೆಯ ನಿಯಮಗಳನ್ನು ಕಂಡ ಮೆಂಡಲ್ಲನ, 1866ರಲ್ಲಿ ಅಚ್ಚಾದ ಲೇಖನದ ಪ್ರತಿ ಡಾರ್ವಿನ್ನನ ಪುಸ್ತಕಭಂಡಾರದಲ್ಲಿಯೂ ಇಲ್ಲ. ಡಾರ್ವಿನ್ನನ ಗ್ರಂಥದ ಜರ್ಮನ್ ಅನುವಾದವನ್ನು ಮೆಂಡಲ್ ಓದಿ ಗುರುತು ಹಾಕಿದ್ದ ಎಂಬಷ್ಟು ಮಾತ್ರ ನಿಜ.

ಅವನಿಗೆ ಹೆಂಗಸರು ಬರೆಯುತ್ತಿದ್ದರೇ? ಅವರನ್ನು ಸಮನಾಗಿ ಕಂಡನೇ? (ಸಂಡೂರಿನ ಶಿಕ್ಷಕಿ)

ಬರೆಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್ ಕೀಟಾಹಾರಿ ಸಸ್ಯಗಳನ್ನು ಗಂಟೆಗಟ್ಟಲೆ ನೋಡಿ ಬರೆದ ವಿವರಗಳನ್ನು ಅವನು 1875ರ ತನ್ನ ಗ್ರಂಥದಲ್ಲಿ ಅವಳ ಹೆಸರು ಹೇಳಿಯೇ ಬಳಸಿದ್ದಾನೆ. ಮ್ಯಾಂಚೆಸ್ಟರಿನ ಲಿಡಿಯಾ ಬೆಕರ್ ಹೂವುಗಳನ್ನು ಕಳಿಸಿ ಚರ್ಚಿಸುತ್ತಿದ್ದಳು. 1867ರಲ್ಲಿ ಆಕೆ ಹೆಂಗಸರಿಗಾಗಿ ತೆರೆದ ಸಾಹಿತ್ಯ ಸಂಘದಲ್ಲಿ ಓದಲು ಡಾರ್ವಿನ್ ಲೇಖನ ಕಳಿಸಿಕೊಟ್ಟ. ಆಕೆ ಮುಂದೆ ಸ್ತ್ರೀಯರ ಮತದಾನದ ಹಕ್ಕಿನ ಹೋರಾಟದಲ್ಲಿ ಪ್ರಮುಖಳಾದಳು.

ಸಮನಾಗಿ ಕಂಡನೇ ಎಂಬುದಕ್ಕೆ ಉತ್ತರ ಅಷ್ಟು ಹಿತವಾಗಿಲ್ಲ. 1881ರ ಕೊನೆಯಲ್ಲಿ ಅಮೆರಿಕದ ಕ್ಯಾರೊಲಿನ್ ಕೆನಾರ್ಡ್, ಹೆಂಗಸರು ಬುದ್ಧಿಯಲ್ಲಿ ಕೀಳೆಂದು ನಿಮ್ಮ ಗ್ರಂಥವನ್ನು ಆಧಾರ ಮಾಡಿ ಹೇಳುತ್ತಿದ್ದಾರೆ, ಇದು ಸರಿಯೇ ಎಂದು ನೇರವಾಗಿ ಕೇಳಿದಳು. ನೈತಿಕ ಗುಣಗಳಲ್ಲಿ ಹೆಂಗಸರು ಸಾಮಾನ್ಯವಾಗಿ ಮೇಲಾದರೂ ಬುದ್ಧಿಯಲ್ಲಿ ಕಡಿಮೆಯೆಂದು ತಾನು ಭಾವಿಸುವುದಾಗಿ ಡಾರ್ವಿನ್ ಉತ್ತರಿಸಿದ. ಗಂಡಸರಿಗೆ ಸಿಕ್ಕಷ್ಟು ಅವಕಾಶವೂ ಪರಿಸರವೂ ಹೆಂಗಸರಿಗೆ ಸಿಕ್ಕ ಮೇಲೆ ಈ ತೀರ್ಪು ಕೊಡಿ ಎಂಬ ಅರ್ಥದ ಆಕೆಯ ಮರುಪತ್ರ, ನನ್ನ ದೃಷ್ಟಿಯಲ್ಲಿ, ಅವನ ಪತ್ರಕ್ಕಿಂತ ಹೆಚ್ಚು ವೈಜ್ಞಾನಿಕವಾಗಿದೆ. ಮೇರಿ ಟ್ರೀಟಳ ಅವಲೋಕನವನ್ನು ನೆಚ್ಚಿಕೊಂಡವನಿಗೆ ತನ್ನ ಕಡತದಲ್ಲಿಯೇ ಇದ್ದ ಸಾಕ್ಷಿ ಕಾಣಲಿಲ್ಲ.

ಊರೂರಿನವರು ಕಳಿಸಿದ್ದನ್ನು ಕೂಡಿಸಿ ಇವನು ಹೆಸರು ಮಾಡಿದ ಎಂದಂತಾಯಿತಲ್ಲವೇ? ಅದರಲ್ಲಿ ಅವನದೇನು? (ಲಿಂಗಸುಗೂರಿನ ಕಾಲೇಜು ಉಪನ್ಯಾಸಕರು)

ಅವನದು ಪ್ರಶ್ನೆ. ಇದನ್ನು ಕಲಿಯಲು ಅವನಿಗೂ ವೇಳೆ ಹಿಡಿಯಿತು. 1839ರಲ್ಲಿ, ಮೂವತ್ತರ ಆಸುಪಾಸಿನ ಡಾರ್ವಿನ್, ಪ್ರಾಣಿಗಳ ತಳಿಸಾಕಣೆಯ ಬಗ್ಗೆ ಎಂಟು ಪುಟಗಳ ಪ್ರಶ್ನಾವಳಿಯನ್ನು ಅಚ್ಚುಹಾಕಿಸಿ ಹಂಚಿದ. ಈಗ ಉಳಿದಿರುವ ಉತ್ತರಗಳು ಇಬ್ಬರವು ಮಾತ್ರ. ದನಕರುಗಳನ್ನು ನೋಡಿಕೊಳ್ಳುವ ರೈತನ ಮುಂದೆ ಎಂಟು ಪುಟ ಇಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಕಡೆಯ ಯಾವ ಗಣತಿದಾರರೂ ಹೇಳಬಲ್ಲರು. ಆಮೇಲಿನ ಪತ್ರಗಳಲ್ಲಿ ರೀತಿ ಬದಲಾಗಿದೆ. ಒಬ್ಬೊಬ್ಬನಿಗೆ ಅವನು ಮಾತ್ರ ನೋಡಬಲ್ಲ ಒಂದೆರಡು ಸಂಗತಿಗಳನ್ನೇ ಕೇಳುತ್ತಾನೆ, ಏಕೆ ಕೇಳುತ್ತಿದ್ದೇನೆಂದು ಹೇಳುತ್ತಾನೆ, ತೊಂದರೆ ಕೊಟ್ಟುದಕ್ಕೆ ಕ್ಷಮೆ ಕೋರುತ್ತಾನೆ, ಉತ್ತರ ಬಂದ ಮೇಲೆ ಅದರಿಂದಲೇ ಹುಟ್ಟಿದ ಮುಂದಿನ ಪ್ರಶ್ನೆಯನ್ನು ಇಡುತ್ತಾನೆ.

1867ರಲ್ಲಿ ಮನುಷ್ಯರ ಮುಖಭಾವಗಳ ಬಗ್ಗೆ ಮತ್ತೆ ಪ್ರಶ್ನಾವಳಿ ಮಾಡಿದಾಗ ಆ ಪಾಠ ಎದ್ದು ಕಾಣುತ್ತದೆ: ಒಟ್ಟು ಹದಿನಾರು ಚಿಕ್ಕ ಪ್ರಶ್ನೆಗಳು. ಆಶ್ಚರ್ಯವಾದಾಗ ಕಣ್ಣುಬಾಯಿ ಅಗಲವಾಗಿ ತೆರೆದು ಹುಬ್ಬು ಮೇಲೇರುತ್ತವೆಯೇ, ಹೌದೆನ್ನಲು ತಲೆ ಮೇಲುಕೆಳಗು ಆಡುತ್ತದೆಯೇ, ಅಲ್ಲವೆನ್ನಲು ಅಡ್ಡ ಆಡುತ್ತದೆಯೇ ಎಂಬಂಥವು. ನೆನಪಿನಿಂದ ಬರೆಯಬೇಡಿ, ನೋಡಿ ಬರೆಯಿರಿ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಜಗತ್ತಿನ ಬೇರೆಬೇರೆ ಕಡೆಗಳಿಂದ 36 ಉತ್ತರಗಳು ಬಂದವು. ಅವುಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟ್‌ನ ಉತ್ತರ ನಮಗೆ ನಗು ತರಿಸುವಷ್ಟು ಪರಿಚಿತ: ಇಲ್ಲಿನವರು ಹೌದೆನ್ನುವಾಗ ತಲೆಯನ್ನು ನೇರವಾಗಿ ಮೇಲುಕೆಳಗು ಆಡಿಸುವುದಿಲ್ಲ, ಮೊದಲು ಎಡಕ್ಕೋ ಬಲಕ್ಕೋ ಹಿಂದೆ ಸರಿಸಿ ಆಮೇಲೆ ಒಂದೇ ಸಲ ಓರೆಯಾಗಿ ಮುಂದಕ್ಕೆ ತರುತ್ತಾರೆ ಎಂದು ಅವನು ಬರೆದ. ಬಸ್ ನಿಲ್ದಾಣದಲ್ಲಿ ಈ ಬಸ್ಸು ಮಸ್ಕಿಗೆ ಹೋಗುತ್ತದೆಯೇ ಎಂದು ಕೇಳಿದಾಗ ನಮ್ಮ ಕಂಡಕ್ಟರ್ ಕೊಡುವ ಉತ್ತರವೂ ಹೆಚ್ಚು ಬೇರೆಯಾಗಿರುವುದಿಲ್ಲ.

ಈ ಸ್ಕಾಟ್ ಮೊದಲು ಎಡಿನ್‌ಬರೋ ಉದ್ಯಾನದಲ್ಲಿ ತೋಟದ ಕೆಲಸಗಾರನಾಗಿದ್ದವನು. ಡಾರ್ವಿನ್ನನ ಆರ್ಕಿಡ್ ಗ್ರಂಥದಲ್ಲಿ ತಪ್ಪೊಂದನ್ನು ತೋರಿಸಿ ಪತ್ರ ಬರೆದದ್ದರಿಂದ ಪರಿಚಯ ಶುರುವಾಯಿತು. ಡಾರ್ವಿನ್ ಸಿಟ್ಟಾಗಲಿಲ್ಲ; ಅವನ ಪ್ರಯೋಗಗಳಿಗೆ ಸಲಹೆ ಕೊಟ್ಟು, ಲೇಖನ ಪ್ರಕಟವಾಗುವಂತೆ ನೋಡಿಕೊಂಡು, 1864ರಲ್ಲಿ ಸಸ್ಯಶಾಸ್ತ್ರಜ್ಞ ಹೂಕರ್‌ನ ಮೂಲಕ ಭಾರತದಲ್ಲಿ ಕೆಲಸ ಸಿಗಲು ನೆರವಾದ. ಪುಸ್ತಕಗಳಲ್ಲಿ ಮಾಹಿತಿ ಕೊಟ್ಟವರ ಹೆಸರು ಹೇಳುವ ವಿಷಯದಲ್ಲಿಯೂ ಅವನು ಜಿಪುಣನಲ್ಲ. ಆದರೂ ಒಂದು ಕೊರತೆ ಉಳಿಯುತ್ತದೆ. ಎಲಿಯಟ್‌ಗೆ ಮದ್ರಾಸಿನ ಪಾರಿವಾಳಗಳನ್ನು ಹುಡುಕಿ ತಂದವರು, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯದಿಂದ ಎಡ್ವರ್ಡ್ ಬ್ಲೈತ್ ಬರೆದ ಉದ್ದುದ್ದ ಪತ್ರಗಳಿಗೆ ದನ, ಮೇಕೆ, ಕೋಳಿಗಳ ಸುದ್ದಿ ಕೊಟ್ಟವರು, ಇವರ ಹೆಸರು ಆ ಕಡತಗಳನ್ನು ಮುಟ್ಟಲೇ ಇಲ್ಲ. ತಮ್ಮ ಆಕ್ಷೇಪವನ್ನು ಡಾರ್ವಿನ್ನನಿಗಿಂತ ಹೆಚ್ಚಾಗಿ ನಡುವೆ ಇದ್ದ ಈ ಅಧಿಕಾರಿಗಳ ಮೇಲೆ ಹೊರಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಈ ಪತ್ರಗಳು ಓದಲು ಸಿಗುತ್ತವೆಯೇ? ತಾರೀಖು ಇಲ್ಲದ ಪತ್ರಗಳನ್ನು ಹೇಗೆ ಜೋಡಿಸಿದರು? (ಮಾನ್ವಿ ಮತ್ತು ಕಂಪ್ಲಿಯ ಓದುಗರು)

ಸಿಗುತ್ತವೆ. ಫ್ರೆಡರಿಕ್ ಬರ್ಕ್‌ಹಾರ್ಟ್ 1974ರಲ್ಲಿ ಆರಂಭಿಸಿದ ಯೋಜನೆಯಿಂದ ಕೇಂಬ್ರಿಜ್‌ನಲ್ಲಿ 1985ರಿಂದ ಮೊದಲ್ಗೊಂಡು 30 ಸಂಪುಟಗಳು ಬಂದಿವೆ, ಮತ್ತು ಪತ್ರಗಳನ್ನು ಅಂತರ್ಜಾಲದಲ್ಲಿ ಹಣ ಕೊಡದೆ ಓದಬಹುದು. ಡಾರ್ವಿನ್ ಅನೇಕ ಪತ್ರಗಳಿಗೆ ದಿನ, ತಿಂಗಳು ಹಾಕಿ ವರ್ಷವನ್ನು ಬಿಟ್ಟಿದ್ದಾನೆ. ಸಂಪಾದಕರು ಕಾಗದದ ನೀರುಗುರುತು, ಸೂತಕದ ಕಪ್ಪು ಅಂಚು, ಪತ್ರದಲ್ಲಿ ಬರುವ ಪುಸ್ತಕ ಅಥವಾ ಕಾಯಿಲೆಯ ಪ್ರಸ್ತಾಪ ಇವುಗಳಿಂದ ವರ್ಷ ನಿರ್ಣಯಿಸಿದರು. ಮನೆಯ ವಿಳಾಸ ಮೊದಲು ಬ್ರಾಮ್ಲಿ ಅಂಚೆಗೆ ಸೇರಿದ್ದು 1869ರಲ್ಲಿ ಬೆಕನ್‌ಹ್ಯಾಮ್‌ಗೆ ಬದಲಾದುದರಿಂದ, ತಲೆಬರಹದಲ್ಲಿ ಬೆಕನ್‌ಹ್ಯಾಮ್ ಎಂದಿದ್ದರೆ ಪತ್ರ ಅದಕ್ಕಿಂತ ಹಿಂದಿನದಲ್ಲ ಎಂದು ಕೂಡಲೇ ತಿಳಿಯುತ್ತದೆ.

ಎಲ್ಲಿಂದ ಆರಂಭಿಸಬೇಕೆಂದು ಕಂಪ್ಲಿಯವರು ಕೇಳಿದ್ದಾರೆ. ಜೀವಿಜಾತಿಗಳು ಬದಲಾಗದೆ ನಿಂತಿಲ್ಲವೆಂಬುದನ್ನು ಹೂಕರ್‌ಗೆ ತಿಳಿಸುತ್ತ, ಇದು ಕೊಲೆಯನ್ನು ಒಪ್ಪಿಕೊಂಡಂತಿದೆ ಎಂದು ಬರೆದ 1844ರ ಜನವರಿ 11ರ ಪತ್ರವನ್ನು ಎಲ್ಲರೂ ಮೊದಲು ಓದುತ್ತಾರೆ. ತಾವು ಅದನ್ನು ಆಮೇಲೆ ಓದಿದರೂ ನಡೆಯುತ್ತದೆ. 1855 ಮತ್ತು 1856ರಲ್ಲಿ ಟೆಗೆಟ್‌ಮೈಯರ್‌ಗೂ ತನ್ನ ಬಂಧು ಫಾಕ್ಸ್‌ಗೂ ಬರೆದವುಗಳನ್ನು ಮೊದಲು ತೆಗೆಯಿರಿ. ಏಳು ದಿನದ ಪಾರಿವಾಳದ ಮರಿ ಬೇಕು, ಬಾತುಕೋಳಿಯ ಮರಿ ಬೇಕು ಎಂದು ಬೇಡುವ ಆ ಪತ್ರಗಳಲ್ಲಿ ಅವನ ಕೆಲಸದ ರೀತಿ ಹೆಚ್ಚು ಸ್ಪಷ್ಟವಾಗಿದೆ, ಇಂಗ್ಲಿಷೂ ಸುಲಭವಾಗಿದೆ.